ಹಳೆಯ ವಿಕ್ಟೋರಿಯನ್ ಶೈಲಿಯ ಮನೆಯ ಹೊರಮೈ ದುರಸ್ತಿ: ಸಲಹೆ ಬೇಕು

ಪ್ರಶ್ನೆ: ಬಸವನಗುಡಿಯಲ್ಲಿರುವ ನಮ್ಮ ತಾತನ ಕಾಲದ ಮನೆಗೆ ಮಂಗಳೂರು ಹೆಂಚಿನ ಇಳಿಜಾರು ಮಾಡು, ಮುಂದೆ ಕಂಬಗಳ ವರಾಂಡ, ಕಿಟಕಿಗಳ ಮೇಲೆ ಮರದ ಪಟ್ಟಿಗಳ ಚೂಪಾದ ಮಂಕಿ ಟಾಪ್‌ಗಳಿವೆ. ಗೋಡೆಯ ಗಾರೆ ಅಲ್ಲಲ್ಲಿ ಉದುರುತ್ತಿರುವುದರಿಂದ ಮೇಸ್ತ್ರಿಯವರು ಸಿಮೆಂಟ್ ಪ್ಲಾಸ್ಟರ್ ಮಾಡಿಸಿ, ಮರದ ಭಾಗ ತೆಗೆದು ಕಾಂಕ್ರೀಟ್ ಸಜ್ಜ ಹಾಕಿಸಿ ಎನ್ನುತ್ತಿದ್ದಾರೆ. ತಿಳಿದವರು ಸಲಹೆ ನೀಡಬೇಕಾಗಿ ವಿನಂತಿ.

ಉತ್ತರ 1: ದಯವಿಟ್ಟು ಸಿಮೆಂಟ್ ಬೇಡ. ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಗೋಡೆ ತನ್ನೊಳಗಿನ ತೇವವನ್ನು ಹೊರಮೈಯಿಂದ ಆರಿಸಿಕೊಳ್ಳುತ್ತದೆ; ಗಟ್ಟಿಯಾದ ಸಿಮೆಂಟ್ ಪದರ ಅದಕ್ಕೆ ಅಡ್ಡಬಂದರೆ ತೇವ ಇಟ್ಟಿಗೆಯಲ್ಲೇ ನಿಂತು, ಕೆಲವು ಮಳೆಗಾಲಗಳಲ್ಲಿ ಆ ಪದರವೇ ಉಬ್ಬಿ ಬೀಳುತ್ತದೆ. ಉದುರಿದ ಕಡೆಗಳಲ್ಲಿ ಮಾತ್ರ ಸುಣ್ಣ, ಮರಳಿನ ಗಾರೆಯನ್ನು ತೆಳುವಾಗಿ ಪದರ ಪದರವಾಗಿ ಹಚ್ಚಿಸಿ, ಮೇಲೆ ಸುಣ್ಣವನ್ನೇ ಬಳಿಸಿ. ಪ್ಲಾಸ್ಟಿಕ್ ಪೇಂಟ್ ಕೂಡ ಅದೇ ತೊಂದರೆ ತರುತ್ತದೆ.

ಉತ್ತರ 2: ಮಂಕಿ ಟಾಪ್ ಬರಿಯ ಅಲಂಕಾರವಲ್ಲ, ಅದು ಬಿಸಿಲು, ಮಳೆಗಳನ್ನು ತಡೆದು ಗಾಳಿಯನ್ನು ಒಳಬಿಡುತ್ತದೆ. ವಿಕ್ಟೋರಿಯಾ ರಾಣಿಯ ಕಾಲದ (1837–1901) ಇಂಗ್ಲೆಂಡಿನಲ್ಲಿ ಚೂಪು ಮಾಡಿನ ಅಂಚಿಗೆ ಕೊರೆದ ಹಲಗೆ ಹೊಂದಿಸುವ ರೂಢಿಯಿತ್ತು, ನಮ್ಮ ಬೆಂಗಳೂರಿನ ದಂಡುಪ್ರದೇಶದ (ಬ್ರಿಟಿಷ್ ಸೇನೆಯ ನೆಲೆಯಾಗಿದ್ದ ಕಂಟೋನ್ಮೆಂಟ್) ಬಂಗಲೆಗಳಲ್ಲಿ ಆ ಅಭಿರುಚಿ ಇಲ್ಲಿನ ಹವೆಗೆ ಒಗ್ಗಿ ಬೆಳೆಯಿತು. ಈಗ ಉಳಿದಿರುವುದೇ ಕೆಲವು, ತೆಗೆಸಬೇಡಿ. ಕೊಳೆತ ಪಟ್ಟಿಗಳನ್ನಷ್ಟೇ ಅದೇ ಅಳತೆಯ ಹಳೆಯ ತೇಗದಿಂದ ಬದಲಿಸಬಹುದು.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಧನ್ಯವಾದಗಳು. ಗಾರೆ ಕೆಲಸವನ್ನು ಯಾವಾಗ ಆರಂಭಿಸುವುದು ಸೂಕ್ತ?

ಉತ್ತರ 1: ಮಳೆ ನಿಂತ ಮೇಲೆ, ಬೇಸಿಗೆಯ ಬಿಸಿಲು ಏರುವ ಮೊದಲು. ಹಸಿ ಗಾರೆ ಬೇಗ ಒಣಗಿದರೆ ಬಿರುಕು ಬಿಡುವುದರಿಂದ ಒದ್ದೆ ಗೋಣಿಚೀಲ ಹೊದಿಸಿಡಿ.