ಪದ ಬೇಕು: ವೇವ್‌ಗೈಡ್ (ಸಂಜೆ ಆರರ ಒಳಗೆ)

ಕಾರವಾರದಿಂದ:
ನಮಸ್ಕಾರ. ಕಾಲೇಜಿನ ಪ್ರದರ್ಶನಕ್ಕೆ ಮಕ್ಕಳು ಎಲೆಕ್ಟ್ರಾನ್‌ಗಳನ್ನು ನೇರ ದಾರಿಯಲ್ಲಿ ಜೋರಾಗಿ ಓಡಿಸುವ ಎಲೆಕ್ಟ್ರಾನ್ ಲೀನಿಯರ್ ಆಕ್ಸಿಲರೇಟರ್ ಮಾದರಿ ಮಾಡಿದ್ದಾರೆ. ಕ್ಯಾನ್ಸರಿಗೆ ವಿಕಿರಣ ಕೊಡುವ ಯಂತ್ರದ ಒಳಗಿರುತ್ತಲ್ಲ, ಅದು. ಮೈಕ್ರೋವೇವ್ ಅಲೆಗೆ ಬಲ ತುಂಬುವ ನಿರ್ವಾತ ನಳಿಕೆ ಕ್ಲೈಸ್ಟ್ರಾನ್. ಅದರಿಂದ ಹೊರಟ ಮೈಕ್ರೋವೇವ್ ಅನ್ನು ಒಯ್ಯುವ ಟೊಳ್ಳು ಲೋಹದ ಕೊಳವೆಯೇ ವೇವ್‌ಗೈಡ್. ಮಕ್ಕಳು ಊದಿನಕಡ್ಡಿ ಪೊಟ್ಟಣ ಅಂಟಿಸಿ ಮಾಡಿದ್ದಾರೆ, ಆಕಾರ ಹಾಗೇ ಇದೆ. 'ತರಂಗ ಮಾರ್ಗದರ್ಶಿ' ಎಂದು ಬರೆದರೆ ಗೋಕರ್ಣ ತೋರಿಸುವ ಗೈಡ್ ನೆನಪಾಗುತ್ತಾನೆ. ಬೇರೆ ಪದ ಇದೆಯಾ? ಒಳಗೆ ಹೋಗುವುದು 'ಹೈ ಪವರ್' ರೇಡಿಯೋ ಅಲೆ, ಆ 'ಹೈ ಪವರ್'ಗೆ 'ಅಧಿಕ ಶಕ್ತಿ' ಸಾಕಾ? ಫ್ಲೆಕ್ಸ್ ಅಂಗಡಿಯವರು ಆರಕ್ಕೆ ಬಾಗಿಲು ಹಾಕುತ್ತಾರೆ.

ಶಿರಸಿಯಿಂದ:
ತರಂಗ ಬೇಡವೇ ಬೇಡ. 'ಅಲೆ' ಇರುವಾಗ ಸಂಸ್ಕೃತದ ಸಾಲ ಯಾಕೆ? ನಮ್ಮಲ್ಲಿ ಗುಡ್ಡದ ಅಬ್ಬಿ ನೀರನ್ನು ಅಂಗಳಕ್ಕೆ ತರುವುದು ಅಡಿಕೆ ದಬ್ಬೆ. ಮರ ಉದ್ದಕ್ಕೆ ಸೀಳಿ, ತಿರುಳು ಕೆತ್ತಿ, ಒಂದರ ತುದಿಗೆ ಇನ್ನೊಂದು ಕೊಟ್ಟರೆ ಮುಗಿಯಿತು. 'ಅಲೆದಬ್ಬೆ' ಎನ್ನಿ.

ಕುಮಟಾದಿಂದ:
ಶಿರಸಿ ಭಾವ, ದಬ್ಬೆಗೆ ಮೇಲ್ಗಡೆ ಏನಿದೆ? ಆಕಾಶ. ವೇವ್‌ಗೈಡ್ ನಾಲ್ಕೂ ಕಡೆ ಮುಚ್ಚಿರಬೇಕು. ಕಿಡಿ ಹಾರದಿರಲಿ ಎಂದು ಒಳಗೆ ಸಲ್ಫರ್ ಹೆಕ್ಸಾಫ್ಲೋರೈಡ್ ಅನಿಲ ತುಂಬುತ್ತಾರೆ, ಇಲ್ಲವೇ ನಿರ್ವಾತ ಮಾಡುತ್ತಾರೆ. ನೀರು ಎಷ್ಟು ಸಪೂರ ದಬ್ಬೆಯಲ್ಲೂ ಹರಿಯುತ್ತದೆ. ಅಲೆ ಹಾಗಲ್ಲ. ಇಂಥ ಯಂತ್ರದ 2856 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು ಹತ್ತೂವರೆ ಸೆಂಟಿಮೀಟರ್. ಕೊಳವೆಯ ಅಗಲ ಅದರ ಅರ್ಧಕ್ಕಿಂತ ಜಾಸ್ತಿ ಇರದಿದ್ದರೆ ಅಲೆ ಮುಂದೆ ಹೋಗುವುದೇ ಇಲ್ಲ. ಸುಮ್ನೆ 'ಅಲೆಕೊಳವೆ' ಎಂದು ಬರೆಯಿರಿ.
'ಅಧಿಕ ಶಕ್ತಿ' ತಪ್ಪು. ಶಕ್ತಿ ಎಂದರೆ ಎನರ್ಜಿ, ಪವರ್‌ಗೆ ಸಾಮರ್ಥ್ಯ. 5 ಮೆಗಾವ್ಯಾಟ್ ಕ್ಲೈಸ್ಟ್ರಾನ್ 5 ಮೈಕ್ರೋಸೆಕೆಂಡಿನ ಒಂದು ಮಿಡಿತದಲ್ಲಿ ಕೊಡುವ ಶಕ್ತಿ ಬರೀ 25 ಜೂಲ್. 25 ವ್ಯಾಟ್ ಬಲ್ಬು ಒಂದು ಸೆಕೆಂಡಿನಲ್ಲಿ ತಿನ್ನುವಷ್ಟು. ಇದರಲ್ಲಿ 'ಅಧಿಕ' ಎಲ್ಲಿ ಬಂತು?

ಶಿರಸಿಯಿಂದ:
ಅಲೆಗೊಳವೆ. ಆದೇಶ ಸಂಧಿ.

ಅಂಕೋಲಾದಿಂದ:
ಅಲೆಗಿಂತ 'ತೆರೆ' ಒಳ್ಳೆಯದು. ಯಾಕೆ ಹೇಳ್ತೇನೆ ಕೇಳಿ. ಅಮೆರಿಕದ ವೇರಿಯನ್ ಅಣ್ಣತಮ್ಮಂದಿರು 1937ರಲ್ಲಿ ಮಾಡಿದ ಕ್ಲೈಸ್ಟ್ರಾನ್‌ಗೆ ಹೆಸರು ಬಂದದ್ದು ಗ್ರೀಕಿನಿಂದ. ದಡಕ್ಕೆ ತೆರೆ ಬಡಿಯುವುದನ್ನು ಹೇಳುವ ಕ್ರಿಯಾಪದ ಅದು. ಒಳಗೆ ಎಲೆಕ್ಟ್ರಾನ್‌ಗಳು ಒಂದೇ ಸಮ ಹೊರಡುತ್ತವೆ. ದಾರಿಯಲ್ಲಿ ಹಿಂದಿನವು ಮುಂದಿನವನ್ನು ಹಿಡಿದು ಗುಂಪುಗುಂಪಾಗುತ್ತವೆ. ಟಾಗೋರ್ ಕಡಲತೀರದಲ್ಲಿ ಹತ್ತು ನಿಮಿಷ ನಿಂತರೆ ಕಾಣುವುದೂ ಅದೇ ಅಲ್ವಾ? ಕ್ಲೈಸ್ಟ್ರಾನ್‌ಗೆ 'ತೆರೆಬಡಿಕ', ವೇವ್‌ಗೈಡ್‌ಗೆ 'ತೆರೆಗೊಳವೆ'. ಕಡಲ ಬುಡದಲ್ಲಿ ಕೂತ ನಾವಲ್ಲದೆ ಇನ್ಯಾರು ಕೊಡಬೇಕು ಈ ಪದ?

ಶಿರಸಿಯಿಂದ:
ತೆರೆಗೊಳವೆ ಅಂದರೆ ಜನ ತೆರೆದ ಕೊಳವೆ ಅಂತಲೇ ಓದುತ್ತಾರೆ. ಮುಚ್ಚಳ ಇಲ್ಲ ಅಂತ ಬೈಸಿಕೊಂಡವನು ನಾನು!

ಕುಮಟಾದಿಂದ:
ತೆರೆಬಡಿಕ ಅಂದರೆ ಯಾರನ್ನೋ ಬೈದ ಹಾಗಿದೆ ಮಾರಾಯ್ರೇ. ಕ್ಲೈಸ್ಟ್ರಾನ್ ಕ್ಲೈಸ್ಟ್ರಾನೇ ಆಗಿರಲಿ. ಚಾವಿ, ಪಗಾರ, ಬಟಾಟೆ ಎಲ್ಲ ಪೋರ್ಚುಗೀಸರಿಂದ ಬಂದವು. ಕರಾವಳಿಯಲ್ಲಿ ಯಾರಿಗೂ ಅಜೀರ್ಣ ಆಗಿಲ್ಲ.

ಶಿರಸಿಯಿಂದ:
ಚಾವಿ ನಿಮಗೆ. ನಮಗೆ ಬೀಗದ ಕೈ.

ಕಾರವಾರದಿಂದ:
ಬೀಗದ ಕೈ ಆಮೇಲೆ ನೋಡೋಣ, ಐದೂ ಮುಕ್ಕಾಲು ಆಯ್ತು. 'ಅಲೆಗೊಳವೆ', 'ಕ್ಲೈಸ್ಟ್ರಾನ್', 'ಹೆಚ್ಚು ಸಾಮರ್ಥ್ಯದ ರೇಡಿಯೋ ಅಲೆ' ಎಂದು ಬರೆದು ಕೊಟ್ಟೆ. ಅಂಗಡಿಯವರು ಮೊದಲು 'ಎಲೆಗೊಳವೆ' ಎಂದು ಹೊಡೆದಿದ್ದರು, ಪಕ್ಕ ನಿಂತು ತಿದ್ದಿಸಿದೆ. ಎಲ್ಲರಿಗೂ ಧನ್ಯವಾದ.

ಶಿರಸಿಯಿಂದ:
'ಸಾಮರ್ಥ್ಯ' ಸಂಸ್ಕೃತ. ನನ್ನ ಆಕ್ಷೇಪ ಇದೆ.

ಕುಮಟಾದಿಂದ:
ಆಕ್ಷೇಪ ಯಾವ ಭಾಷೆ, ಭಾವ?