ಹುಡುಗ್ಯಾರು ಮುಂದಕ್ಕ ಓಡ್ತಾರ, ಚೆಂಡು ತಲಿ ಮ್ಯಾಲಿಂದ ಹಾದು ಹೋಗ್ತೈತಿ

ಎರಿ ಮೈದಾನ, ವಿಜಯಪುರ:
ನಮಸ್ಕಾರ್ರಿ. ಇಂಡಿ ಕಡೆ ಹೈಸ್ಕೂಲು, 14 ವರ್ಷದೊಳಗಿನ ಹುಡುಗ್ಯಾರ ಸಾಫ್ಟ್‌ಬಾಲ್ ಟೀಮ್. ಮಂದಿ 14, ಗ್ಲೌಸ್ 6. ಇನ್‌ಫೀಲ್ಡ್ (ಓಡಾಕಿ ಮುಟ್ಟೋ ಬೇಸ್‌ಗಳ ಸುತ್ತಿನ ಒಳಮೈದಾನ) ಒಂದು ಹದಕ್ಕ ಬಂದೈತಿ, ಔಟ್‌ಫೀಲ್ಡ್ (ಅದರ ಹಿಂದಿನ ಬಯಲು) ಮಾತ್ರ ಬರವಲ್ದು. ಎತ್ತರದ ಚೆಂಡು ಬಂತಂದ್ರ ಎಲ್ಲಾರೂ ಮುಂದಕ್ಕ ನುಗ್ತಾರ, ಅದು ಹಿಂದ ಬೀಳ್ತೈತಿ. ನೆಲದ ಮ್ಯಾಲೆ ಉರುಳಿ ಬಂದದ್ದು ಕಾಲ ಸಂದಿಯೊಳಗ ನುಸುಳ್ತೈತಿ. ಹಿಡಿದು ಹೋಮ್‌ಗೆ (ಬ್ಯಾಟ್ ಹಿಡಿದಾಕಿ ನಿಲ್ಲೋ ಬೇಸ್) ಎಸೆದ್ರ ಪಿಚ್ಚರ್ (ನಡುವ ನಿಂತು ಚೆಂಡು ಹಾಕಾಕಿ) ತನಕಾನೂ ಮುಟ್ಟಂಗಿಲ್ಲ. ಎಲ್ಲಾರೂ ಕ್ರಿಕೆಟ್ ಆಡಿ ಬಂದವರು. ಸಾಲಿ ಬಿಟ್ಟ ಮ್ಯಾಲೆ 45 ನಿಮಿಷ ಸಿಗ್ತೈತಿ. ಯಾವುದರಿಂದ ಶುರು ಮಾಡ್ಲಿ?

ಮೂರನೇ ಬೇಸ್, ಬಾಗಲಕೋಟೆ:
ಮೊದಲ ವಾರ ಗ್ಲೌಸ್ ಚೀಲದಾಗೇ ಇರಲಿ. ತಪ್ಪಿರೋದು ಕೈಯಲ್ಲಲ್ಲ, ಕಾಲಲ್ಲಿ.

ಪಕ್ಕಕ್ಕೆ ಹೋಗುವ ಚೆಂಡಿನ ಕಮಾನು ಕಣ್ಣಿಗೆ ಕಾಣುತ್ತದೆ. ನೆಟ್ಟಗೆ ತನ್ನ ಕಡೆಗೇ ಬರುವುದರದ್ದು ಕಾಣುವುದಿಲ್ಲ, ಒಂದು ಚುಕ್ಕೆ ಮೇಲೇರಿದ ಹಾಗೆ ಇರುತ್ತದೆ ಅಷ್ಟೇ. ಅದನ್ನು ಅಳೆಯೋದು ದೊಡ್ಡವರಿಗೂ ಕಷ್ಟ. ಆ ಚುಕ್ಕೆ ಬರಬರುತ್ತಾ ಜೋರಾಗಿ ಮೇಲೇರುತ್ತಿದ್ದರೆ ಚೆಂಡು ಹಿಂದೆ ಬೀಳುತ್ತದೆ ಅಂತ ತಿಳೀರಿ. ಆದರೆ ಅದು ಗೊತ್ತಾಗುವಷ್ಟರಲ್ಲಿ ಮಕ್ಕಳು ಮೂರು ಹೆಜ್ಜೆ ಮುಂದೆ ಬಂದಿರುತ್ತಾರೆ. ಅದಕ್ಕೇ ಅನುಮಾನ ಬಂದಾಗ ಮೊದಲ ಹೆಜ್ಜೆ ಹಿಂದಕ್ಕೆ. ಹಿಂದಿನಿಂದ ಮುಂದೆ ಬಂದು ಹಿಡಿಯೋದು ಸಲೀಸು, ಮುಂದೆ ಬಂದವಳು ತಿರುಗಿ ಓಡಿ ಹಿಡಿಯೋದು ಆಗದ ಮಾತು.

ಚೆಂಡಿಲ್ಲದೇ ಕಲಿಸ್ರಿ. ನೀವು 5 ಮೀಟರ್ ಎದುರಿಗೆ ನಿಂತು ಕೈ ತೋರಿಸ್ರಿ. ಆಕೆಯ ಬಲ ಹೆಗಲ ಕಡೆ ತೋರಿಸಿದರೆ ಬಲಗಾಲು ಹಿಂದಕ್ಕೆ ಹೋಗಬೇಕು, ಪಾದ ಓಡುವ ದಿಕ್ಕಿಗೆ ತಿರುಗಬೇಕು, ಸೊಂಟ ಜೊತೆಗೇ ತಿರುಗಬೇಕು, ಎಡಗಾಲು ಅದನ್ನು ದಾಟಿ ಹೋಗಬೇಕು. ಎಡಕ್ಕೂ ಹಾಗೇ. ಎರಡೂ ಕಡೆ ಹತ್ತತ್ತು ಸಲ. ಎದೆ ನಿಮ್ಮ ಕಡೆಗೇ ಇಟ್ಟು ಹಿಮ್ಮುಖವಾಗಿ ಓಡುವವರನ್ನು ಅಲ್ಲೇ ನಿಲ್ಲಿಸ್ರಿ. ಒಂದು, ಓಟ ನಿಧಾನ. ಇನ್ನೊಂದು, ಎರಿ ನೆಲದ ಬಿರುಕಿನಾಗ ಹಿಮ್ಮಡಿ ಸಿಕ್ಕರೆ ತಲೆ ಹಿಂದಾಗಿ ಬೀಳುತ್ತಾರೆ.

ಮೂರನೇ ದಿನಕ್ಕೆ ಟೆನಿಸ್ ಚೆಂಡು, ಬರಿಗೈ. ಆಕೆಯ ಹೆಗಲ ಮೇಲಿಂದ 8–10 ಮೀಟರ್ ಹಿಂದಕ್ಕೆ ಕೈಯಿಂದಲೇ ಎಸೀರಿ. ಓಡುವಾಗ ಕೈ ಚಾಚಬಾರದು, ಕಡೆಯ ಎರಡು ಹೆಜ್ಜೆಗೆ ಚಾಚಿದರೆ ಸಾಕು. ಹಿಮ್ಮಡಿ ಕುಕ್ಕಿ ಓಡಿದರೆ ಕಣ್ಣೂ ಕುಲುಕುತ್ತದೆ, ಚೆಂಡು ಕುಣಿದ ಹಾಗೆ ಕಾಣುತ್ತದೆ. ಮುಂಗಾಲ ಮೇಲೆ ಓಡಿಸ್ರಿ.

ಗ್ಲೌಸ್ ಕೊಟ್ಟ ದಿನ ಕ್ರಿಕೆಟ್ ಚಾಳಿ ಹೊರಬೀಳುತ್ತದೆ ನೋಡ್ರಿ. ಹೊಟ್ಟೆ ಮುಂದೆ ಬೊಗಸೆ ಒಡ್ಡುತ್ತಾರೆ. ಚೆಂಡು ಗ್ಲೌಸಿನ ಮಣಿಕಟ್ಟಿನ ಅಂಚಿಗೆ ಬಡಿದು ಪುಟಿದು ನೇರ ಗದ್ದಕ್ಕೆ ಬರುತ್ತದೆ. ಎತ್ತರದ ಚೆಂಡಿಗೆ ಗ್ಲೌಸಿನ ಬೆರಳು ಆಕಾಶಕ್ಕೆ, ಹಿಡಿಯುವ ಜಾಗ ಹಣೆಯ ಮುಂದೆ, ಎಸೆಯುವ ಹೆಗಲ ಕಡೆ ತುಸು ವಾಲಿ. ಇನ್ನೊಂದು ಕೈ ಹೆಬ್ಬೆರಳಿಗೆ ತಾಗಿಕೊಂಡೇ ಇರಲಿ.

ಉರುಳುವ ಚೆಂಡಿಗೆ ಮೊಣಕಾಲು ಊರಬೇಕು. ಬಲಗೈಯವಳಾದರೆ ಬಲ ಮೊಣಕಾಲು ನೆಲಕ್ಕೆ, ಎಡ ಹಿಮ್ಮಡಿಗೆ ಹತ್ತಿರ. ನಡುವೆ ಉಳಿದ ಸಂದಿಗೆ ಗ್ಲೌಸ್, ಬಾಯಿ ತೆರೆದು ನೆಲಕ್ಕೆ ಒತ್ತಿ. ಔಟ್‌ಫೀಲ್ಡರ್ ಹಿಂದೆ ಯಾರೂ ಇರುವುದಿಲ್ಲ, ಅಲ್ಲಿ ಬಿಟ್ಟ ಚೆಂಡು ಕಾಂಪೌಂಡಿಗೇ ನಿಲ್ಲೋದು.

ಬೆಳಗಾವಿ ಎಡಗೈ:
ಮೇಲಿನದಕ್ಕೆ ಒಪ್ಪಿಗೆ, ಮೊಣಕಾಲಿನ ವಿಷಯ ಅರ್ಧ ಮಾತ್ರ. ಎಲ್ಲ ಚೆಂಡಿಗೂ ಕೂತರೆ ಎರಡನೇ ಬೇಸ್‌ನಲ್ಲಿದ್ದವಳು ನಡೆದುಕೊಂಡೇ ಹೋಮ್ ಮುಟ್ಟುತ್ತಾಳೆ. ಓಟಗಾರ್ತಿ ಇಲ್ಲದಾಗ ಕೂತು ತಡೀರಿ. ಗೆಲ್ಲುವ ರನ್ ತರುವ ಓಟಗಾರ್ತಿ ಎರಡನೇ ಬೇಸ್ ಮೇಲಿದ್ದರೆ ಓಡಿ ಬಂದು, ಗ್ಲೌಸ್ ಕಡೆಯ ಕಾಲಿನ ಹೊರಬದಿಗೆ ಬಾಚಿ ಎತ್ತಬೇಕು. ಇದನ್ನು ಎರಡನೇ ತಿಂಗಳಿಗೆ ಇಟ್ಟುಕೊಳ್ಳಿ.

ಎಸೆತ ಮುಟ್ಟದಿರಲು ಮೊದಲ ಕಾರಣ ಹಿಡಿತ. ಕ್ರಿಕೆಟ್ ಚೆಂಡಿನ ಸುತ್ತಳತೆ 9 ಇಂಚು, ಇದು 12 ಇಂಚು. ತೂಕವೂ 180–200 ಗ್ರಾಂ ಹತ್ತಿರ. ಸಣ್ಣ ಕೈಗೆ ಎರಡು ಬೆರಳು ಸಾಲದು, ಚೆಂಡು ಜಾರಿ ಪಕ್ಕಕ್ಕೆ ಸಿಡಿಯುತ್ತದೆ. ಮೂರು ಬೆರಳು ಹೊಲಿಗೆಗೆ ಅಡ್ಡಲಾಗಿ ಇರಲಿ, ಚೆಂಡಿಗೂ ಅಂಗೈಗೂ ನಡುವೆ ಸ್ವಲ್ಪ ಸಂದು ಇರಲಿ.

ಎರಡನೆಯದು ಕಾಲು. ನಿಂತಲ್ಲೇ ನಿಂತು ಬರೀ ತೋಳಿನಿಂದ ಎಸೆಯುತ್ತಾರೆ. ಹಿಡಿದ ಕೂಡಲೇ ಬಲಗಾಲು ಕುಪ್ಪಳಿಸಿ ಮುಂದಕ್ಕೆ, ಪಾದ ಗುರಿಗೆ ಅಡ್ಡ. ಆಗ ಎಡ ಹೆಗಲು ತಾನಾಗೇ ಗುರಿಯತ್ತ ತಿರುಗುತ್ತದೆ. ಎಡಗಾಲು ಗುರಿಯತ್ತ ಇಟ್ಟು, ಕಿವಿಯ ಮೇಲಿಂದ ಎಸೆತ. 'ಬಲ, ಎಡ, ಬಿಡು' ಅಂತ ಬಾಯಲ್ಲಿ ಹೇಳಿಸಿ. ಮೇಲಕ್ಕೆ ಜಿಗಿಯುವವರೇ ಜಾಸ್ತಿ. ಸುಣ್ಣದಿಂದ ಒಂದು ಗೆರೆ ಎಳೆದು ಅದನ್ನು ದಾಟಿಸಿ, ಸರಿಹೋಗುತ್ತದೆ.

ಇಷ್ಟಾದರೂ ಹೋಮ್‌ಗೆ ನೇರ ಎಸೆಯೋದು ಬೇಡ. ಹೋಮ್‌ನಿಂದ ಎರಡನೇ ಬೇಸ್‌ಗೇ ಸುಮಾರು 26 ಮೀಟರ್, ಔಟ್‌ಫೀಲ್ಡರ್ ಅದಕ್ಕೂ ಎಷ್ಟೋ ಹಿಂದೆ ಇರುತ್ತಾಳೆ. ನಡುವೆ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್‌ಗಳ ನಡುವೆ ನಿಲ್ಲುವವಳು) ಎರಡೂ ಕೈ ಎತ್ತಿ ಕಟ್‌ಆಫ್ ನಿಲ್ಲಲಿ, ಅಂದರೆ ಚೆಂಡನ್ನು ನಡುದಾರಿಯಲ್ಲಿ ಹಿಡಿದು ಮುಂದಕ್ಕೆ ಎಸೆಯಲಿ, ಚೆಂಡು ಆಕೆಯ ಮುಖದ ಎತ್ತರಕ್ಕೆ ಬರಲಿ. ಆಕಾಶಕ್ಕೆ ಎಸೆದದ್ದು ಇಳಿಯುವಷ್ಟರಲ್ಲಿ ಒಂದು ಬೇಸ್ ಹೋಗಿರುತ್ತದೆ.

ಎರಿ ಮೈದಾನ, ವಿಜಯಪುರ:
ಭಾಳ ಉಪಕಾರ್ರಿ. ಇನ್ನೊಂದು. ಸಂಜಿ 5ರ ಬಿಸಿಲು ನೇರ ಔಟ್‌ಫೀಲ್ಡ್‌ನವರ ಕಣ್ಣಿಗೇ ಬೀಳ್ತೈತಿ. ಮತ್ತ ಇಬ್ಬರು ಒಂದಕ್ಕ ಓಡಿ ಡಿಕ್ಕಿ ಹೊಡೀತಾರ.

ಮೂರನೇ ಬೇಸ್, ಬಾಗಲಕೋಟೆ:
ಹೋಮ್ ಪಶ್ಚಿಮಕ್ಕೆ ಇಟ್ಟೀರಿ ಅನಸ್ತದ. ಪ್ರಾಕ್ಟೀಸಿಗೆ ಉತ್ತರದ ಮೂಲೆಗೆ ಒಯ್ಯಿರಿ, ಬಿಸಿಲು ಪಕ್ಕಕ್ಕಾಗ್ತದ. ಪಂದ್ಯದಾಗ ನಮ್ಮ ಇಷ್ಟ ನಡೆಯೋದಿಲ್ಲ, ಅದಕ್ಕೆ ಗ್ಲೌಸಿನಿಂದ ಸೂರ್ಯನನ್ನು ಮುಚ್ಚಿ ಅದರ ಅಂಚಿನಿಂದ ಚೆಂಡು ನೋಡೋದನ್ನೂ ರೂಢಿ ಮಾಡಿಸ್ರಿ. ಆಷಾಢದ ಗಾಳಿಯಾಗ ಪ್ರತಿ ಇನ್ನಿಂಗ್ಸಿಗೂ ಒಂದು ಚಿಟಿಕೆ ಮಣ್ಣು ತೂರಿ ನೋಡಲಿ.

ಡಿಕ್ಕಿಗೆ ಮದ್ದು ಬಾಯಿ. ಚೆಂಡು ಇಳಿಯಲು ಶುರುವಾದ ಮೇಲೆ 'ನಂದು ನಂದು ನಂದು' ಅಂತ ಮೂರು ಸಲ ಕೂಗಬೇಕು. ಬೇಗ ಕೂಗಿದರೆ ಇಬ್ಬರೂ ಕೂಗುತ್ತಾರೆ. ಇಬ್ಬರ ದನಿಯೂ ಬಂದರೆ ಔಟ್‌ಫೀಲ್ಡ್ ನಡುವೆ ನಿಂತ ಸೆಂಟರ್‌ನವಳದ್ದೇ. ಇನ್‌ಫೀಲ್ಡ್‌ನವಳು ಹಿಂದಕ್ಕೆ ಓಡುತ್ತಿದ್ದರೆ ಮುಂದೆ ಬರುವ ಔಟ್‌ಫೀಲ್ಡರ್‌ಗೆ ಬಿಡಬೇಕು, ಚೆಂಡು ಆಕೆಯ ಎದುರಿಗಿರುತ್ತದೆ. ಬಿಟ್ಟವಳು ಸುಮ್ಮನೆ ನಿಲ್ಲದೆ ಹಿಂದೆ ಹೋಗಿ ಕಾಯಲಿ.

ಬೆಳಗಾವಿ ಎಡಗೈ:
ಆರು ಗ್ಲೌಸಿನಲ್ಲಿ ಬಲಗೈಗೆ ಹಾಕುವಂಥದ್ದು ಒಂದಾದರೂ ಇದೆಯಾ ನೋಡಿ. ಎಡಗೈಯಿಂದ ಎಸೆಯುವ ಹುಡುಗಿಗೆ ಎಡಗೈ ಗ್ಲೌಸೇ ಕೊಟ್ಟರೆ ಹಿಡಿದು, ಕಂಕುಳಲ್ಲಿ ಸಿಕ್ಕಿಸಿ, ಕಳಚಿ ಎಸೆಯುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ಅಂಥವಳಿದ್ದರೆ ಮುಂದಿನ ಗ್ಲೌಸ್ ಅದನ್ನೇ ತರಿಸಿ.