ಮ್ಯಾಚ್ ರಾತ್ರಿ ಬಟ್ಟಲು ಖಾಲಿಯಾಗೋದು ಯಾವಾಗ?

ನಮ್ಮ ಫುಟ್‌ಬಾಲ್ ಗುಂಪಿನ ಈ ವಾರದ ಪ್ರಶ್ನೋತ್ತರ. ಉತ್ತರ ಕೊಡುತ್ತಿರುವವರು ಜಯನಗರದಲ್ಲಿ ಕ್ಲಿನಿಕ್ ನಡೆಸುವ ಡಯಟಿಶಿಯನ್. ಗುಂಪಿನ ಹಳೆಯ ಸದಸ್ಯೆ, ಬೆಂಗಳೂರು ಎಫ್‌ಸಿ ಮ್ಯಾಚ್‌ಗೆ ಕಂಠೀರವಕ್ಕೆ ತಪ್ಪದೆ ಹೋಗುವವರು.

ವಿಜಯನಗರದಿಂದ: ನಮಸ್ಕಾರ ಮೇಡಂ. 2022ರ ಡಿಸೆಂಬರ್ 18, ಅರ್ಜೆಂಟೀನಾ–ಫ್ರಾನ್ಸ್ ಫೈನಲ್. ನಮ್ಮ ಮನೆಯಲ್ಲಿ ಆರು ಜನ ಸೇರಿದ್ದೆವು. ಮ್ಯಾಚ್ ಶುರುವಾಗೋದು ಎಂಟೂವರೆಗೆ ಅಂತ ಯಾರೂ ಊಟ ಮಾಡಿರಲಿಲ್ಲ. ಮುಗಿಯುವಷ್ಟರಲ್ಲಿ ಒಂದು ಕೆಜಿ ಕಾಂಗ್ರೆಸ್ ಕಡ್ಲೆಕಾಯಿ, ಹನ್ನೆರಡು ದೊಡ್ಡ ಬಾಟಲಿ ಬಿಯರ್, ನಾಲ್ಕು ಪ್ಲೇಟ್ ಕಬಾಬ್, ಎರಡು ಪ್ಯಾಕೆಟ್ ನಿಪ್ಪಟ್ಟು ಖಾಲಿ. ಆಮೇಲೆ ಬಿರಿಯಾನಿ ಬೇರೆ. ಇಷ್ಟೆಲ್ಲ ತಿಂದೆವು ಅಂತ ಯಾರಿಗೂ ಅನ್ನಿಸಲೇ ಇಲ್ಲ. ಬೆಳಿಗ್ಗೆ ನನ್ನ ಹೆಂಡತಿ ಬಾಟಲಿ ಎಣಿಸಿ ಹೇಳಿದಾಗಲೇ ಗೊತ್ತಾಗಿದ್ದು. ಎಲ್ಲರ ಮನೆಯಲ್ಲೂ ಹೀಗೇನಾ? 2026ರ ವಿಶ್ವಕಪ್ ಫೈನಲ್ ಅಂತೂ ನಮ್ಮ ಟೈಮಲ್ಲಿ ಜುಲೈ 20ರ ಮಧ್ಯರಾತ್ರಿ 12:30ಕ್ಕೆ. ಆಗ ಏನು ಮಾಡೋದು?

ಉತ್ತರ: ಹೀಗೇನೇ. ನಿಮ್ಮ ಮನೆಯಲ್ಲಿ ಎಣಿಸುವವರು ಇದ್ದರು, ಅಷ್ಟೇ ವ್ಯತ್ಯಾಸ.

ಮೊದಲು ಲೆಕ್ಕ ಹಾಕೋಣ. 100 ಗ್ರಾಂ ಹುರಿದ ಕಡಲೆಬೀಜದಲ್ಲಿ ಸುಮಾರು 570 ಕ್ಯಾಲೊರಿ ಇರುತ್ತದೆ. ಒಂದು ಕೆಜಿಯನ್ನು ಆರು ಜನ ಹಂಚಿಕೊಂಡರೆ ತಲೆಗೆ 950. ಮಾಮೂಲಿ 650 ಎಂಎಲ್ ಬಿಯರ್ ಬಾಟಲಿಯಲ್ಲಿ 280ರ ಹತ್ತಿರ. ಎರಡು ಬಾಟಲಿಗೆ 560. ಬರೀ ಇವೆರಡರಿಂದಲೇ 1,500 ಆಯಿತು. ಕೂತು ಕೆಲಸ ಮಾಡುವ ಗಂಡಸಿಗೆ ಇಡೀ ದಿನಕ್ಕೆ ಬೇಕಾಗೋದು ಸುಮಾರು 2,100 ಕ್ಯಾಲೊರಿ ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದೆ. ಕಬಾಬ್, ನಿಪ್ಪಟ್ಟು, ಬಿರಿಯಾನಿ ನಾನಿನ್ನೂ ಮುಟ್ಟಿಲ್ಲ. 90 ನಿಮಿಷದಲ್ಲಿ ಹತ್ತು ಹನ್ನೊಂದು ಕಿಲೋಮೀಟರ್ ಓಡುವ ಆಟಗಾರ ಕರಗಿಸೋದೂ ಹೆಚ್ಚು ಕಮ್ಮಿ ಇಷ್ಟೇ. ಓಡಿದ್ದು ಫ್ರಾನ್ಸಿನ ಎಂಬಾಪೆ, ತಿಂದಿದ್ದು ವಿಜಯನಗರ.

ಈಗ ನಿಜವಾದ ವಿಷಯ. ನೀವು ಎಡವಿದ್ದು ಬಿಯರ್‌ನಲ್ಲೂ ಅಲ್ಲ, ಕಡ್ಲೆಕಾಯಿಯಲ್ಲೂ ಅಲ್ಲ. ಊಟ ಮಾಡದೆ ಕೂತಿರಲ್ಲ, ಅಲ್ಲಿ. ಹಸಿದ ಹೊಟ್ಟೆ, ಎದುರಿಗೆ ಉಪ್ಪು ಖಾರ ಎಣ್ಣೆಯ ತಿಂಡಿ, ಕಣ್ಣು ಟಿವಿ ಮೇಲೆ. ಇನ್ನೇನಾಗುತ್ತೆ? ಬೇರೆ ಕಡೆ ಗಮನ ಇಟ್ಟುಕೊಂಡು ತಿಂದರೆ ಜಾಸ್ತಿ ತಿನ್ನುತ್ತೇವೆ ಅನ್ನೋದು ಹಲವು ಪ್ರಯೋಗಗಳಲ್ಲಿ ಕಂಡ ಮಾತು. 2013ರಲ್ಲಿ ಅವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ಇನ್ನೊಂದು ಸಂಗತಿಯೂ ಕಂಡಿತು. ಹಾಗೆ ತಿಂದವರು ಅದರ ಮುಂದಿನ ಊಟದಲ್ಲಿ ಇನ್ನೂ ಜಾಸ್ತಿ ತಿನ್ನುತ್ತಾರೆ. ತಿಂದದ್ದು ನೆನಪಲ್ಲಿ ಸರಿಯಾಗಿ ಕೂತಿರಲ್ಲ. ನಿಮ್ಮ ಬಿರಿಯಾನಿ ಒಳಗೆ ಹೋಗಿದ್ದು ಹೀಗೆ.

ಜುಲೈ 19ರ ರಾತ್ರಿ ಎಂಟೂವರೆಗೆ ದಿನದಂತೆ ಊಟ ಮಾಡಿ. ಮುದ್ದೆ ಸಾರು, ಅನ್ನ ಹುಳಿ, ಚಪಾತಿ ಪಲ್ಯ, ಏನಾದರೂ ಆಗಲಿ. ತಟ್ಟೆ ಇಟ್ಟುಕೊಂಡು, ಟಿವಿ ಆಫ್ ಮಾಡಿ. ಆಮೇಲೆ ಹನ್ನೆರಡೂವರೆಗೆ ಬೇಕಾಗೋದು ಬರೀ ಬಾಯಾಡಿಸೋಕೆ.

ವಿಜಯನಗರದಿಂದ: ಟೆನ್ಷನ್ ಇದ್ದಾಗಲೇ ಜಾಸ್ತಿ ತಿನ್ನೋದು ಅಲ್ವಾ ಮೇಡಂ?

ಉತ್ತರ: ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ನೀವೇ ಹೇಳಿದ ಫೈನಲ್ ನೆನಪಿಸಿಕೊಳ್ಳಿ. 79 ನಿಮಿಷ ಆದರೂ ಅರ್ಜೆಂಟೀನಾ 2-0. ಫ್ರಾನ್ಸ್ ಕಥೆ ಮುಗಿಯಿತು ಅಂತ ಎಲ್ಲರೂ ಆರಾಮಾಗಿ ಮೆಲ್ಲುತ್ತಿದ್ದಿರಿ. ಆಮೇಲೆ 97 ಸೆಕೆಂಡಿನಲ್ಲಿ ಎಂಬಾಪೆ ಎರಡು ಗೋಲು ಹೊಡೆದ. ಅಲ್ಲಿಂದ ಪೆನಾಲ್ಟಿ ತನಕ ಯಾರಾದರೂ ಬಟ್ಟಲಿಗೆ ಕೈ ಹಾಕಿದಿರಾ? ನಮ್ಮ ಮನೆಯಲ್ಲಂತೂ ಉಸಿರಾಡೋದನ್ನೇ ಮರೆತಿದ್ದರು. ನಾನು ಗಮನಿಸಿದ ಮಟ್ಟಿಗೆ ಬಟ್ಟಲು ಖಾಲಿಯಾಗೋದು ಚಪ್ಪೆ ಆಟದಲ್ಲಿ. 0-0 ಇದ್ದು, ಚೆಂಡು ನಡು ಮೈದಾನದಲ್ಲೇ ಅತ್ತ ಇತ್ತ ಆಡುತ್ತಿರುವಾಗ. ಕೈಗೆ ಕೆಲಸ ಇಲ್ಲ, ಎದುರಿಗೆ ನಿಪ್ಪಟ್ಟು ಇದೆ. ಇದು ನನ್ನ ಅನುಭವ ಮಾತ್ರ, ಸಂಶೋಧನೆ ಅಂತ ಎಲ್ಲೂ ಫಾರ್ವರ್ಡ್ ಮಾಡಬೇಡಿ.

ಗೌತಮಪುರದಿಂದ: ನಮ್ಮ ಏರಿಯಾಗೆ ಬನ್ನಿ ಮೇಡಂ. ಪೆಲೆ ಪ್ರತಿಮೆ ಇರೋ ಬೀದಿ ನಮ್ಮದು, ವಿಶ್ವಕಪ್ ಬಂದರೆ ಮನೆ ಮನೆ ಮೇಲೂ ಬಾವುಟ. ನಾವು ಚಿಕ್ಕವರಿದ್ದಾಗ ರಾತ್ರಿಯೆಲ್ಲ ಒಂದು ಟಿವಿ ಮುಂದೆ ನಲವತ್ತು ಜನ ಕೂರುತ್ತಿದ್ದೆವು. ತಿನ್ನೋಕೆ ಕಡಲೆಪುರಿ, ಕುಡಿಯೋಕೆ ಬೈಟು ಟೀ. ಅಷ್ಟೇ. ಯಾರೂ ಕ್ಯಾಲೊರಿ ಎಣಿಸಲಿಲ್ಲ.

ಉತ್ತರ: ಎಣಿಸೋ ಅಗತ್ಯ ಇರಲಿಲ್ಲ ಅಣ್ಣಾ! ಕಡಲೆಪುರಿ ದೊಡ್ಡ ಬಟ್ಟಲು ತುಂಬ ಹಾಕಿದರೂ ತೂಕ ಮೂವತ್ತು ಗ್ರಾಂ ದಾಟೋದು ಕಷ್ಟ. ನೂರು ನೂರಿಪ್ಪತ್ತು ಕ್ಯಾಲೊರಿ ಅಷ್ಟೇ. ಅದೂ ಅಲ್ಲದೆ ನಲವತ್ತು ಜನರ ನಡುವೆ ನಿಮ್ಮ ಕೈಗೆ ಪೊಟ್ಟಣ ಬರೋದು ಎಷ್ಟು ಸಲ?

ಹೆಬ್ಬಾಳದಿಂದ: ನನ್ನ ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಅಲ್ಲಿ ಸೂಪರ್ ಬೌಲ್ ದಿನ ಜನ ತಿನ್ನೋದರ ಮುಂದೆ ನಮ್ಮದು ಏನೂ ಅಲ್ಲ ಅನ್ನುತ್ತಾನೆ. ನಿಜವಾ?

ಉತ್ತರ: ನಿಜ ಇರಬಹುದು. ಸೂಪರ್ ಬೌಲ್ ಅಂದರೆ ಅಮೆರಿಕನ್ ಫುಟ್‌ಬಾಲ್ ಲೀಗಿನ ಫೈನಲ್. ಅವರ ಫುಟ್‌ಬಾಲ್ ಬೇರೆ, ಚೆಂಡು ಹೆಚ್ಚಾಗಿ ಕೈಯಲ್ಲೇ ಇರುತ್ತದೆ. 2024ರ ಸೂಪರ್ ಬೌಲ್‌ಗೆ ಅಮೆರಿಕದವರು 145 ಕೋಟಿ ಚಿಕನ್ ವಿಂಗ್ಸ್ ತಿನ್ನುತ್ತಾರೆ ಅಂತ ಅಲ್ಲಿನ ನ್ಯಾಷನಲ್ ಚಿಕನ್ ಕೌನ್ಸಿಲ್ ಅಂದಾಜು ಮಾಡಿತ್ತು. ಆದರೆ ಅದು ಕೋಳಿ ಉದ್ಯಮದವರ ಸಂಘ. ಮಾರುವವರ ಲೆಕ್ಕವನ್ನು ಸ್ವಲ್ಪ ನೋಡಿಕೊಂಡು ನಂಬಬೇಕು.

ಆಟದ ರೀತಿಯೂ ಬೇರೆ. ಅವರದು ಗಡಿಯಾರದಲ್ಲಿ 60 ನಿಮಿಷ, ಮುಗಿಯೋಕೆ ಮೂರೂವರೆ ಗಂಟೆ ಮೇಲೇ ಬೇಕು. ನಿಲ್ಲಿಸಿ ನಿಲ್ಲಿಸಿ ಆಡುತ್ತಾರೆ. ಪ್ರತಿ ಜಾಹೀರಾತಿಗೂ ಒಂದು ಸಲ ಅಡುಗೆಮನೆ. ನಮ್ಮ ಫುಟ್‌ಬಾಲ್ 45 ನಿಮಿಷ ಒಂದೇ ಸಮ ನಡೆಯುತ್ತೆ, ಹಾಗಾಗಿ ಎದ್ದು ಹೋಗೋದು ಬೇಡ ಅಂತ ಎಲ್ಲವನ್ನೂ ಮೊದಲೇ ಸೋಫಾ ಮುಂದೆ ತಂದು ಗುಡ್ಡೆ ಹಾಕುತ್ತೇವೆ. ಯಾವುದು ಹೆಚ್ಚು ಅಪಾಯ ಅಂತ ಕೇಳಿದರೆ, ಗುಡ್ಡೆ ಹಾಕೋದೇ.

ಅಲ್ಲಿನ ಒಂದು ಅಧ್ಯಯನ ಮಾತ್ರ ನನಗೆ ಇಷ್ಟ. ಭಾನುವಾರ ತಮ್ಮ ತಂಡ ಸೋತರೆ, ಆ ಊರಿನವರು ಸೋಮವಾರ ತಿನ್ನುವ ಸ್ಯಾಚುರೇಟೆಡ್ ಕೊಬ್ಬು 16 ಶೇಕಡಾ ಜಾಸ್ತಿ. ಗೆದ್ದರೆ 9 ಶೇಕಡಾ ಕಮ್ಮಿ. 2013ರಲ್ಲಿ ಪ್ರಕಟವಾಗಿದ್ದು. ಅಂದರೆ ಲೆಕ್ಕ ಮ್ಯಾಚ್ ರಾತ್ರಿಗೇ ಮುಗಿಯಲ್ಲ. ಸೋತ ಮರುದಿನ ಆಫೀಸ್ ಹತ್ತಿರ ಎಗ್ ಪಫ್ಸ್ ಎರಡಾಗುತ್ತೆ, ನೋಡಿಕೊಳ್ಳಿ.

ಬಸವೇಶ್ವರನಗರದಿಂದ: ಚಿಕ್ಕ ಬಟ್ಟಲಲ್ಲಿ ಇಟ್ಟರೆ ಕಮ್ಮಿ ತಿನ್ನುತ್ತಾರೆ ಅಂತ ಸೂಪರ್ ಬೌಲ್ ಪಾರ್ಟಿಯಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರಂತಲ್ಲ?

ಉತ್ತರ: 2005ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. ನಾನೂ ಎಷ್ಟೋ ಜನರಿಗೆ ಹೇಳಿದ್ದೇನೆ, ಈಗ ನಾಚಿಕೆ. 2018ರಲ್ಲಿ ಅದೇ ಪತ್ರಿಕೆ ಆ ಲೇಖನವನ್ನು ವಾಪಸ್ ತೆಗೆದುಕೊಂಡಿತು. ಹಾಗಂತ ಚಿಕ್ಕ ಬಟ್ಟಲು ಇಡಬಾರದು ಅಂತಲ್ಲ. ಪ್ರತಿಯೊಬ್ಬರಿಗೂ ಬೇರೆ ಬೇರೆ ಬಟ್ಟಲು ಕೊಟ್ಟರೆ ಎಷ್ಟು ತಿಂದೆ ಅನ್ನೋದಾದರೂ ಕಾಣುತ್ತೆ. ಅಷ್ಟು ಸಾಕು, ಅದಕ್ಕೆ ಅಮೆರಿಕದ ಪ್ರಯೋಗ ಬೇಡ.

ಕೆ.ಆರ್. ಪುರದಿಂದ: ಮ್ಯಾಚ್ ಮುಗಿದು ಮೂರು ಗಂಟೆ ಆದರೆ ನಾವು ಹುಡುಗರೆಲ್ಲ ಸೀದಾ ಹೊಸಕೋಟೆ ಬಿರಿಯಾನಿಗೆ ಹೋಗುತ್ತೇವೆ. ಬೆಳಗಿನ ಜಾವದ ಬಿರಿಯಾನಿ ಆರೋಗ್ಯಕ್ಕೆ ಕೆಟ್ಟದ್ದಾ ಅಕ್ಕಾ?

ಉತ್ತರ: ಬಿರಿಯಾನಿ ಬಗ್ಗೆ ಆಮೇಲೆ. ಗಾಡಿ ಓಡಿಸೋದು ಯಾರು?

ಕೆ.ಆರ್. ಪುರದಿಂದ: ಒಬ್ಬೊಬ್ಬರು ಒಂದೇ ಬಿಯರ್ ಕುಡಿದಿರುತ್ತೇವೆ ಅಷ್ಟೇ. ಸ್ಟ್ರಾಂಗ್.

ಉತ್ತರ: ನಿರೀಕ್ಷಿಸಿದ್ದೆ. 8 ಶೇಕಡಾ ಆಲ್ಕೋಹಾಲ್ ಇರುವ 650 ಎಂಎಲ್ ಬಾಟಲಿಯಲ್ಲಿ ಶುದ್ಧ ಆಲ್ಕೋಹಾಲ್ 40 ಗ್ರಾಂ ಇರುತ್ತದೆ. ಲಿವರ್ ಗಂಟೆಗೆ ಏಳರಿಂದ ಹತ್ತು ಗ್ರಾಂ ಮಾತ್ರ ಖಾಲಿ ಮಾಡುತ್ತೆ. ಅಂದರೆ ನಾಲ್ಕರಿಂದ ಆರು ಗಂಟೆ. ಹಾಫ್ ಟೈಮಿಗೆ ಬಾಟಲಿ ಮುಗಿಸಿದ್ದರೆ ಮೂರು ಗಂಟೆಗೆ ನಿನ್ನ ಮೈಯಲ್ಲಿ ಅದು ಇನ್ನೂ ಇದೆ. ಕಾಫಿ ಕುಡಿದರೂ ಇಳಿಯಲ್ಲ, ಮೊಸರು ತಿಂದರೂ ಇಳಿಯಲ್ಲ, ನಿಂಬೆಹಣ್ಣು ಹಿಂಡಿಕೊಂಡರೂ ಇಳಿಯಲ್ಲ. ಕಾನೂನಿನ ಮಿತಿ 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ. ಮೊದಲ ಸಲ ಸಿಕ್ಕಿಬಿದ್ದರೇ ಹತ್ತು ಸಾವಿರದವರೆಗೆ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಅದು ಪೊಲೀಸರು ಹಿಡಿದರೆ. ಹೈವೇಯಲ್ಲಿ ಆ ಹೊತ್ತಿಗೆ ಲಾರಿಗಳೂ ಇರುತ್ತವೆ, ನಿದ್ದೆಗೆಟ್ಟ ಕಣ್ಣು ಬೇರೆ.

ಕುಡಿಯದ ಹುಡುಗ ಒಬ್ಬ ಇದ್ದರೆ, ಅವನಿಗೂ ನಿದ್ದೆ ಬಂದಿಲ್ಲದಿದ್ದರೆ ಹೋಗಿ ಬನ್ನಿ. ಇಲ್ಲದಿದ್ದರೆ ಬೇಡ ತಮ್ಮಾ. ಬಿರಿಯಾನಿ ವಿಷಯ: ತಿಂಗಳಿಗೊಮ್ಮೆ ತಿಂದರೆ ಏನೂ ಆಗಲ್ಲ. ತಿಂದ ತಕ್ಷಣ ಬಂದು ಮಲಗಬೇಡ, ಎದೆ ಉರಿ ಬರುತ್ತೆ. ಆ ದಿನದ ಬೆಳಗಿನ ತಿಂಡಿ ಅದೇ ಅಂದುಕೋ, ಮೇಲೆ ಇಡ್ಲಿ ವಡೆ ಬೇಡ.

ಮಲ್ಲೇಶ್ವರದಿಂದ: ನಮ್ಮ ಯಜಮಾನರಿಗೆ 58. ಶುಗರ್ ಇದೆ, ರಾತ್ರಿ ಇನ್ಸುಲಿನ್ ತಗೋತಾರೆ. ಬ್ರೆಜಿಲ್ ಮ್ಯಾಚ್ ಅಂದರೆ ಎರಡು ಪೆಗ್ ಬೇಕೇ ಬೇಕು. ಸಿಹಿ ಮುಟ್ಟಲ್ಲ, ಅದಕ್ಕೇ ಪರವಾಗಿಲ್ಲ ಅನ್ನುತ್ತಾರೆ.

ಉತ್ತರ: ಇದು ಉಳಿದ ಪ್ರಶ್ನೆಗಳ ಹಾಗಲ್ಲ, ದಯವಿಟ್ಟು ಅವರಿಗೇ ಓದಿಸಿ. ರಾತ್ರಿ ಊಟ ಇಲ್ಲದಿರುವಾಗ ಲಿವರ್ ತಾನೇ ಸಕ್ಕರೆ ಬಿಟ್ಟು ರಕ್ತದ ಮಟ್ಟ ಕಾಯುತ್ತೆ. ಆಲ್ಕೋಹಾಲ್ ಒಳಗೆ ಹೋದರೆ ಆ ಕೆಲಸಕ್ಕೆ ಅಡ್ಡಿಯಾಗುತ್ತೆ. ಇನ್ಸುಲಿನ್ ಮಾತ್ರ ತನ್ನ ಕೆಲಸ ಮಾಡುತ್ತಲೇ ಇರುತ್ತೆ. ಹಾಗಾಗಿ ಶುಗರ್ ಏರೋದಕ್ಕಿಂತ ದಿಢೀರ್ ಇಳಿಯೋದೇ ಹೆಚ್ಚು ಅಪಾಯ, ಅದೂ ಕುಡಿದ ಎಷ್ಟೋ ಗಂಟೆ ಮೇಲೆ, ಮಲಗಿದ್ದಾಗ. ಬೆವರು, ನಡುಕ, ತೊದಲು ಮಾತು ಬರುತ್ತೆ. ನೋಡಿದವರು ಕುಡಿದದ್ದು ಏರಿದೆ ಅಂದುಕೊಂಡು ಸುಮ್ನೆ ಬಿಡುತ್ತಾರೆ. ಕೆಲವು ಶುಗರ್ ಮಾತ್ರೆಗಳಲ್ಲೂ ಹೀಗಾಗುತ್ತೆ. ನಿಮ್ಮ ಡಾಕ್ಟರ್ ಹತ್ತಿರ ಮ್ಯಾಚ್‌ಗೆ ಮೊದಲೇ ಮಾತಾಡಿ. ಆ ರಾತ್ರಿ ಊಟ ತಪ್ಪಲೇಬಾರದು, ಮಲಗುವ ಮೊದಲು ಗ್ಲುಕೋಮೀಟರ್‌ನಲ್ಲಿ ನೋಡಲೇಬೇಕು. ಕುಡಿಯದಿದ್ದರೆ ಇನ್ನೂ ಒಳ್ಳೆಯದು ಅಂತ ನಾನು ಹೇಳಲೇಬೇಕು, ಹೇಳಿದ್ದೇನೆ.

ರಾಜಾಜಿನಗರದಿಂದ: ನಮ್ಮ ತಂದೆಗೆ ಬಿಪಿ. ಮ್ಯಾಚ್ ನೋಡಿ ಎದೆ ನೋವು ಬರುತ್ತೆ ಅನ್ನೋದು ಬರೀ ತಮಾಷೆನಾ?

ಉತ್ತರ: ತಮಾಷೆ ಅಲ್ಲ. 2006ರ ವಿಶ್ವಕಪ್ ಜರ್ಮನಿಯಲ್ಲೇ ನಡೆಯಿತಲ್ಲ, ಆಗ ಮ್ಯೂನಿಕ್ ಸುತ್ತಮುತ್ತ ಲೆಕ್ಕ ತೆಗೆದರು. ಜರ್ಮನಿ ಆಡಿದ ದಿನಗಳಲ್ಲಿ ಹೃದಯದ ತುರ್ತು ಪ್ರಕರಣಗಳು ಮಾಮೂಲಿಗಿಂತ 2.66 ಪಟ್ಟು ಇದ್ದವು. ಮ್ಯಾಚ್ ಶುರುವಾದ ಮೊದಲ ಎರಡು ಗಂಟೆಯಲ್ಲಿ ಜಾಸ್ತಿ. ನಿಮ್ಮ ತಂದೆಗೆ ಮ್ಯಾಚ್ ಬೇಡ ಅನ್ನಬೇಡಿ, ಪಾಪ. ಮಾತ್ರೆ ತಪ್ಪಿಸಬೇಡಿ. ಉಪ್ಪಿನ ಲೆಕ್ಕ ನೋಡಿ: ದಿನಕ್ಕೆ ಒಟ್ಟು 5 ಗ್ರಾಂ ಒಳಗಿರಲಿ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ, ಅಂದರೆ ಒಂದು ಟೀ ಚಮಚ. ಚಿಪ್ಸ್, ಖಾರಾ ಬೂಂದಿ, ಉಪ್ಪಿನಕಾಯಿ ಮೂರೂ ಸೇರಿದರೆ ಅದರಲ್ಲಿ ಏನೂ ಉಳಿಯಲ್ಲ. ಎದೆ ನೋವು ಬಂದರೆ ಗ್ಯಾಸ್ ಇರಬೇಕು ಅಂತ ಪೂರ್ತಿ ಮ್ಯಾಚ್ ಮುಗಿಯೋವರೆಗೆ ಕಾಯೋದು ಮಾತ್ರ ಬೇಡ. 108ಕ್ಕೆ ಫೋನ್ ಮಾಡಿ.

ಕೋರಮಂಗಲದಿಂದ: ನಮ್ಮ ಫ್ಲಾಟಿನಲ್ಲಿ ಹನ್ನೆರಡು ಜನ. ಬಾರ್‌ಗಳೆಲ್ಲ ಒಂದು ಗಂಟೆಗೆ ಮುಚ್ಚುತ್ತವೆ, ಹಾಗಾಗಿ ಎಲ್ಲ ಮನೆಗೇ ತರಿಸಬೇಕು. ಎಷ್ಟು ತರಿಸಲಿ?

ಉತ್ತರ: ಎಲ್ಲರಿಗೂ ಊಟ ಮಾಡಿಕೊಂಡು ಬನ್ನಿ ಅಂತ ಮೆಸೇಜ್ ಹಾಕಿ. ಬಿಲ್ ಅರ್ಧ ಇಳಿಯುತ್ತೆ. ಕಡಲೆಕಾಯಿ ಸಿಪ್ಪೆ ಸಮೇತ ಬೇಯಿಸಿದ್ದು ಇಡಿ. ಸುಲಿದು ತಿನ್ನೋಕೆ ಟೈಮ್ ಬೇಕು, ಸಿಪ್ಪೆ ರಾಶಿ ಕಣ್ಣೆದುರಿಗೇ ಕಾಣುತ್ತೆ. ಚುರುಮುರಿಗೆ ಸೌತೆಕಾಯಿ, ಕ್ಯಾರೆಟ್ ತುರಿ, ಈರುಳ್ಳಿ ಧಾರಾಳವಾಗಿ ಹಾಕಿ. ಕಬಾಬ್ ಬೇಕಿದ್ದರೆ ತಲೆಗೆ ನಾಲ್ಕು ಪೀಸ್, ಬಣ್ಣ ಹಾಕದ ಕಡೆಯಿಂದ. 2024ರಲ್ಲಿ ನಮ್ಮ ಸರ್ಕಾರ ಗೋಬಿ ಮಂಚೂರಿಗೂ ಕಬಾಬಿಗೂ ಕೃತಕ ಬಣ್ಣ ಹಾಕಬಾರದು ಅಂತ ಆದೇಶ ಮಾಡಿದೆ. ಇನ್ನೂ ಕೆಂಪಗೆ ಹೊಳೆಯುತ್ತಿದ್ದರೆ ಕೇಳಿ ನೋಡಿ. ಕೋಲಾ ಬದಲು ಮಜ್ಜಿಗೆ. 750 ಎಂಎಲ್ ಕೋಲಾ ಒಬ್ಬರೇ ಕುಡಿದರೆ ಹದಿನೈದು ಹದಿನಾರು ಚಮಚ ಸಕ್ಕರೆ ಆಗುತ್ತೆ.

ಹಾಂ, ನೀರು ಮರೆತಿದ್ದೆ. 2026ರ ವಿಶ್ವಕಪ್‌ನಲ್ಲಿ ಪ್ರತಿ ಅರ್ಧದಲ್ಲೂ ಆಟಗಾರರಿಗೆ ಮೂರು ನಿಮಿಷ ನೀರು ಕುಡಿಯೋ ಬಿಡುವು ಇಟ್ಟಿದ್ದಾರೆ. ಅವರು ಕುಡಿಯುವಾಗ ನೀವೂ ಒಂದೊಂದು ಲೋಟ ನೀರು ಕುಡಿಯಿರಿ. ನೀರು ಅಂದೆ, ನೆನಪಿರಲಿ.

ವಿಜಯನಗರದಿಂದ: ಮೇಡಂ, ನಿಮ್ಮ ಉತ್ತರ ನನ್ನ ಹೆಂಡತಿಗೆ ತೋರಿಸಿದೆ. ಎಂಟೂವರೆಗೆ ಆರು ಜನಕ್ಕೂ ಅಡುಗೆ ಮಾಡೋರು ಯಾರು ಅಂತ ಕೇಳುತ್ತಿದ್ದಾಳೆ.

ಉತ್ತರ: ಅವರು ಕೇಳಿದ್ದು ಸರಿಯಾಗಿಯೇ ಇದೆ. ಆರು ಜನ ಇದ್ದೀರಲ್ಲ, ಏಳು ಗಂಟೆಗೇ ಬಂದು ಈರುಳ್ಳಿ ಹೆಚ್ಚಿ.